ಕೆಂಪು ಕಂಡೆನ್ಸರು

ಮರಿಗೌಡನ ಗಿಟಾರಿನ ದನಿಯನ್ನು ಮಂಕು ಮಾಡಿದವನು ನಾನು. ಕೈತಪ್ಪಿ ಆದದ್ದಲ್ಲ, ಗೊತ್ತಿಲ್ಲದೆ ಆದದ್ದೂ ಅಲ್ಲ — ಬೇಕೆಂದೇ ಮಾಡಿದೆ. ಮಾಡಿದ್ದಲ್ಲದೆ ಅದರ ಮೇಲೊಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಅವನು ವೇದವಾಕ್ಯ ಅಂತ ನಂಬಿಕೊಂಡಾಗ ಬಾಯಿ ಮುಚ್ಚಿಕೊಂಡು ಕೂತೆ. ಆಗ ನನಗೆ ಇಪ್ಪತ್ತಾರು ವರ್ಷ. ಈಗ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ವಯಸ್ಸು. ಇಷ್ಟು ವರ್ಷ ಒಬ್ಬ ಮನುಷ್ಯ ಸುಮ್ಮನಿರಬಹುದೇ ಅಂತ ನೀವು ಕೇಳಿದರೆ — ಇರಬಹುದು. ಇದ್ದೆನಲ್ಲ!

ಮರಿಗೌಡ ಯಾರು ಅಂತ ಮೊದಲು ಹೇಳಬೇಕು. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ರೈತರ ಮನೆಯವನು, ನನ್ನ ಓರಗೆಯವನು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಎಲೆಕ್ಟ್ರಿಕ್ ಗಿಟಾರು ಅಂದರೆ ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಅಂತ ಜನ ದೂರ ನಿಲ್ಲುತ್ತಿದ್ದರು. ಅಂಥ ಕಾಲದಲ್ಲಿ ಇವನು ಬೆಂಗಳೂರು ದಂಡಿನ ಯಾರೋ ವಾದ್ಯಗಾರರಿಂದ ಹಳೆಯದೊಂದನ್ನು ಕೊಂಡು, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಊರಿಗೆ ತಂದ. ಅವನ ತಾಯಿ ಬಾಗಿಲಲ್ಲೇ ನಿಂತು, "ಇದ್ಯಾವುದ್ಲಾ ಮಗ, ಕೂಸು ಎತ್ಕೊಂಡ್ ಬಂದಂಗೆ ಬತ್ತಿದ್ದೀಯಲ್ಲ!" ಅಂದರಂತೆ.

ನಾನು ಶ್ರೀಕಂಠ. ವೈದ್ಯನಾಥಪುರದ ಅರ್ಚಕರ ಮನೆಯವನು. ಮಂತ್ರ ಬಾಯಿಗೆ ಹತ್ತಲಿಲ್ಲ, ಬೆಸುಗೆ ಕೈಗೆ ಹತ್ತಿತು. ಮದ್ದೂರು ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟೆ. ಮರಿಗೌಡ ಗಿಟಾರಿಗೊಂದು ಆಂಪ್ಲಿಫೈಯರು ಕಟ್ಟಿಕೊಡು ಅಂತ ಬಂದವನು ಹೋಗಲೇ ಇಲ್ಲ. ಹಾಡುವವನೊಬ್ಬ, ತಬಲದವನೊಬ್ಬ, ಹಾರ್ಮೋನಿಯಂ ಮೇಷ್ಟರೊಬ್ಬರು ಸೇರಿ ನಮ್ಮದೊಂದು ವಾದ್ಯಗೋಷ್ಠಿ ಆಯಿತು. ಮದುವೆಮನೆ, ಗಣಪತಿ ಪೆಂಡಾಲು — ಕರೆದಲ್ಲಿಗೆ ಹೋಗುತ್ತಿದ್ದೆವು. ನನಗೆ ಸ್ವರಜ್ಞಾನ ಸೊನ್ನೆ. ಹಾಗಾಗಿ ಆಂಪ್ಲಿಫೈಯರಿನ ಪಕ್ಕ ನಿಲ್ಲಿಸಿ, ಕೈಗೊಂದು ಗಿಲಕಿ ಕೊಟ್ಟಿದ್ದರು. ನಗಬೇಡಿ — ಆ ಮೂಲೆಯಲ್ಲಿ ಗಿಲಕಿ ಅಲ್ಲಾಡಿಸುತ್ತಾ ನಿಂತಷ್ಟು ಸುಖವಾಗಿ ನಾನು ಮತ್ತೆಲ್ಲೂ ನಿಂತಿಲ್ಲ.

ಎಲ್ಲ ಶುರುವಾದದ್ದು ಕೀಲೆಣ್ಣೆಯಿಂದ. ಗಿಟಾರಿನ ಮೈಮೇಲೆ ಎರಡು ಗುಂಡಿಗಳಿರುತ್ತವೆ. ಒಂದು ದನಿ ಏರಿಸಿ ಇಳಿಸುವುದಕ್ಕೆ, ಇನ್ನೊಂದು ಟೋನ್ ಕಂಟ್ರೋಲು — ದನಿಯನ್ನು ಚೂಪು ಮಾಡುವುದಕ್ಕೆ, ಇಲ್ಲ ದಪ್ಪ ಮಾಡುವುದಕ್ಕೆ. ಸೋಮನಹಳ್ಳಿಯ ಒಂದು ಮದುವೆಯಲ್ಲಿ ಆ ಟೋನ್ ಗುಂಡಿ ತಿರುಗಿಸಿದಾಗಲೆಲ್ಲ ಹಪ್ಪಳ ಮುರಿದ ಹಾಗೆ ಕರಕರ ಅನ್ನತೊಡಗಿತು. ಧೂಳು ಕೂತಿತ್ತು ಅಷ್ಟೇ; ನನ್ನ ಹತ್ತಿರ ತಂದಿದ್ದರೆ ಒಂದು ನಿಮಿಷದ ಕೆಲಸ. ಆದರೆ ಮರಿಗೌಡ ರೈತ. ತಿರುಗುವ ವಸ್ತು ಕಿರುಗುಟ್ಟಿದರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತು. ಊರಿಗೆ ಹೋಗಿ, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು — ಆ ಕರ್ರಗಿನ, ಅಂಟಂಟು ಕೀಲೆಣ್ಣೆಯನ್ನು — ಗಿಟಾರಿನ ಹೊಟ್ಟೆಗೆ ತುಂಬಿದ. ಮಾರನೆಯ ದಿನ ಅಂಗಡಿಗೆ ಬಂದು ಹೆಮ್ಮೆಯಿಂದ ಗುಂಡಿ ತಿರುಗಿಸಿ ತೋರಿಸಿದ.

"ನೋಡ್ಲಾ ಸೀಕಂಟ, ಎಂಗ್ ತಿರುಗ್ತದೆ! ಒಸ ಗಾಡಿ ಚಕ್ರ ಇದ್ದಂಗೆ! ಆದ್ರೆ ಸಬ್ದನೇ ಬರಾಕಿಲ್ಲ ಅಂತದೆ."

ನಾನು ಬಿದ್ದು ಬಿದ್ದು ನಕ್ಕೆ. ಬಿಚ್ಚಿ ನೋಡಿದರೆ ಒಳಗೆ ಬಂಡಿಯೇ ಓಡಾಡಿದ ಹಾಗಿತ್ತು. ಕಂಟ್ರೋಲು ಸತ್ತಿತ್ತು, ಅದಕ್ಕೆ ಅಂಟಿಕೊಂಡು ದನಿಯ ಚೂಪನ್ನು ಸೋಸುವ ಕಂಡೆನ್ಸರೂ ಹೋಗಿತ್ತು. ಎರಡನ್ನೂ ಹೊಸದಾಗಿ ಹಾಕಬೇಕು.

ಮದ್ದೂರಿನಲ್ಲಿ ಸಿಗುವುದೆಲ್ಲ ರೇಡಿಯೋ ಸಾಮಾನು. ಗಿಟಾರಿಗೆ ಯಾವುದು ಒಗ್ಗುತ್ತದೆ ಅಂತ ಹೇಳುವವರಿಲ್ಲ. ನಾನು ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ, ಐನೂರು ಕೆ ಅಂತ ಗುರುತಿದ್ದ ಒಳ್ಳೆಯ ಕಂಟ್ರೋಲೊಂದನ್ನೂ ಬಗೆಬಗೆಯ ಆರು ಕಂಡೆನ್ಸರುಗಳನ್ನೂ ತಂದೆ. ಯಾವ ಕಂಡೆನ್ಸರು ಅಂತ ಆರಿಸುವುದು ಹೇಗೆ? ಪುಸ್ತಕ ಇರಲಿಲ್ಲ, ಮರಿಗೌಡನ ಕಿವಿ ಇತ್ತು. ಒಂದೊಂದನ್ನೇ ಸುಮ್ಮನೆ ವೈರಿಗೆ ಕಚ್ಚಿಸಿ, "ಇದು?" ಅನ್ನುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ತಂತಿ ಮೀಟಿ, "ಊಹೂಂ, ಮೂಗು ಕಟ್ದಂಗೈತೆ" ಅನ್ನುತ್ತಿದ್ದ. "ಇದು?" — "ಇದು ಸೊಳ್ಳೆ." ಐದನೆಯದು ಕೆಂಪು ಬಣ್ಣದ, ಹುಣಸೆಬೀಜದಷ್ಟು ಗಾತ್ರದ್ದು. ಅದನ್ನು ಕಚ್ಚಿಸಿದಾಗ ಅವನು ನುಡಿಸುತ್ತಲೇ ಹೋದ. ಎದುರು ಸಾಲಿನ ಬಳೆ ಅಂಗಡಿಯಾತ ಗಿರಾಕಿಯನ್ನು ಬಿಟ್ಟು ಬಂದು ನಿಂತ. ನನಗೆ ಸ್ವರ ತಿಳಿಯದು ಅಂದೆನಲ್ಲ — ನನಗೂ ಮೈ ಜುಂ ಅಂದಿತು.

"ಈ ಕೆಂಪಂದೇ ಕಣ್ಲಾ," ಅಂದ ಕೊನೆಗೆ. "ಇದ್ನೇ ಆಕು. ಬೇರೆ ಯಾವ್ದೂ ಬ್ಯಾಡ."

ಗಿಟಾರನ್ನು ನನ್ನ ಹತ್ತಿರವೇ ಬಿಟ್ಟು, ವಡೆ ತಿಂದು ಬರುತ್ತೇನೆ ಅಂತ ಸ್ಟೇಷನ್ನಿನ ಕಡೆ ಹೋದ. ಅಷ್ಟರಲ್ಲಿ ಅಂಚೆಯವನು ಬಂದ. ನಮ್ಮ ಗೋಷ್ಠಿಯ ಕಾಗದಗಳೆಲ್ಲ ನನ್ನ ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಮೈಸೂರಿನ ಒಂದು ದೊಡ್ಡ ವಾದ್ಯಗೋಷ್ಠಿಯ ಯಜಮಾನರು ಬರೆದಿದ್ದರು: ಬರುವ ಭಾನುವಾರ ಮಂಡ್ಯದ ಗಣಪತಿ ಪೆಂಡಾಲಿಗೆ ನಾವೇ ಬರುತ್ತೇವೆ, ನಿಮ್ಮ ಮರಿಗೌಡರ ಗಿಟಾರು ಕೇಳಬೇಕು, ಹಿಡಿಸಿದರೆ ಕೂಡಲೇ ಕರೆದುಕೊಳ್ಳುತ್ತೇವೆ. ಮರಿಗೌಡ ವಡೆಯ ಪೊಟ್ಟಣ ಹಿಡಿದುಕೊಂಡು ವಾಪಸ್ಸು ಬಂದು, ಕಾಗದವನ್ನು ಮೂರು ಸಲ ಓದಿದ. ಆಮೇಲೆ ನನ್ನನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ.

"ಓಯ್ತೀನಿ ಕಣ್ಲಾ ಸೀಕಂಟ! ಮೈಸೂರ್ಗೆ ಓಯ್ತೀನಿ!"

ನಾನೂ ನಕ್ಕೆ. ನಗು ಬಂದದ್ದು ನಿಜ. ಆದರೆ ಅವನು ಬಸ್ಸು ಹತ್ತಿದ ಮೇಲೆ, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಗಿಟಾರನ್ನು ನೋಡುತ್ತಾ ಕೂತಾಗ — ಹೇಗೆ ಹೇಳಲಿ — ಇವನು ಹೋದರೆ ಗೋಷ್ಠಿ ಇಲ್ಲ, ಗೋಷ್ಠಿ ಇಲ್ಲದಿದ್ದರೆ ನನಗೆ ಆ ಮೂಲೆ ಇಲ್ಲ. ಗಿಲಕಿಯವನನ್ನು ಯಾವ ಊರಿನವರು ಕರೆಯುತ್ತಾರೆ? ಉಳಿಯುವುದು ಈ ಅಂಗಡಿ, ಈ ಗೊರಗೊರ ಅನ್ನುವ ರೇಡಿಯೋಗಳು. ಅವನ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಅವನು ಬೇಕಾಗಿತ್ತು ನನಗೆ. ಅದು ಹೊಟ್ಟೆಕಿಚ್ಚಿಗಿಂತ ಒಳ್ಳೆಯದು ಅಂತ ಆವತ್ತು ಅಂದುಕೊಂಡೆ.

ಹಳೆಯ ರೇಡಿಯೋ ಒಂದರಿಂದ ಐವತ್ತು ಕೆಯ ಕಂಟ್ರೋಲು ಕಿತ್ತೆ. ಐನೂರು ಇರಬೇಕಾದ ಕಡೆ ಐವತ್ತು. ಕೆಂಪು ಕಂಡೆನ್ಸರಿನ ಬದಲು, ಅವನು "ಮೂಗು ಕಟ್ದಂಗೈತೆ" ಅಂದಿದ್ದ ದೊಡ್ಡ ಹಳದಿಯದನ್ನು ತೆಗೆದುಕೊಂಡೆ. ಇವೆರಡೂ ಸೇರಿದರೆ ಗುಂಡಿಯನ್ನು ಎತ್ತ ತಿರುಗಿಸಿದರೂ ದನಿಯ ಚೂಪೆಲ್ಲ ಒಳಗೇ ಸೋರಿಹೋಗುತ್ತದೆ. ಬೆಸುಗೆ ಹಾಕಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೊಕ್ಕ ಬೆಸುಗೆ ಹಾಕಿರಲಿಲ್ಲ. ಒಳ್ಳೆಯ ಎರಡನ್ನೂ ಒಂದು ಹಲ್ಲುಪುಡಿ ಡಬ್ಬಿಯಲ್ಲಿ ಹಾಕಿ ಮೇಲಿನ ಹಲಗೆಯ ಹಿಂದಕ್ಕೆ ತಳ್ಳಿದೆ.

ಭಾನುವಾರ ಸಂಜೆ, ಮಂಡ್ಯದ ಪೆಂಡಾಲಿನಲ್ಲಿ, ವೇದಿಕೆ ಹತ್ತುವ ಹೊತ್ತಿಗೆ ಗಿಟಾರನ್ನು ಅವನ ಕೈಗಿಟ್ಟೆ. ಬೇಗ ಕೊಟ್ಟರೆ ಪತ್ತೆಹಚ್ಚುತ್ತಾನಲ್ಲ! ಎರಡು ಸಲ ಮೀಟಿದ. ಮುಖ ಸಪ್ಪಗಾಯಿತು.

"ಇದ್ಯಾಕ್ಲಾ ಇಂಗೆ? ಅವತ್ತು ಕೇಳ್ದಾಗ ಇಂಗಿರ್ಲಿಲ್ವಲ್ಲ?"

ಆಗ ನಾನು ಆ ಮಾತು ಹೇಳಿದೆ. "ಹೊಸ ಕಂಡೆನ್ಸರು ಕಣೋ. ಬೆಸುಗೆ ಬಿದ್ದ ಮೇಲೆ ಹಾಗೇ. ಪಳಗಬೇಕು."

ಪಳಗಬೇಕು! ಕಂಡೆನ್ಸರೇನು ಹೋರಿಯೇ ಪಳಗುವುದಕ್ಕೆ? ಆದರೆ ಎಷ್ಟೋ ಹೋರಿಗಳಿಗೆ ನೊಗ ಹೂಡಿ ಪಳಗಿಸಿದವನಿಗೆ ಆ ಮಾತು ಸರಿಯಾಗಿ ಕೂತುಬಿಟ್ಟಿತು. "ಅಂಗಾ? ಸರಿ ಬುಡು," ಅಂದ. ನನ್ನ ಮಾತನ್ನು ಅನುಮಾನಿಸುವುದು ಅವನಿಗೆ ಹೊಳೆಯಲೇ ಇಲ್ಲ.

ಆ ಸಂಜೆ ಅವನು ಜೀವ ತೇಯ್ದು ನುಡಿಸಿದ. ಬಾರದ ಚೂಪನ್ನು ಬೆರಳಿನಿಂದಲೇ ತೆಗೆಯಬೇಕು ಅಂತ ಒತ್ತಿ ಒತ್ತಿ ಮೀಟಿದ; ಎರಡು ತಂತಿ ಕಿತ್ತವು. ಮೈಸೂರಿನ ಯಜಮಾನರು ದೊಡ್ಡ ಮನುಷ್ಯರು, ಮರ್ಯಾದೆಯಿಂದಲೇ ಹೇಳಿದರು: "ಕೈ ಚೆನ್ನಾಗಿದೆಯಪ್ಪ. ನಾದ ಮಾತ್ರ ಮಂಕು. ಹದಿನೈದು ವಾದ್ಯದ ನಡುವೆ ಇದು ಕೇಳಿಸೋದಿಲ್ಲ." ಮರಿಗೌಡ ನಕ್ಕು ಕೈಮುಗಿದ. ನನ್ನ ಕಡೆ ತಿರುಗಿ, "ಓಗ್ಲಿ ಬುಡ್ಲಾ, ಇದಿನ್ನೂ ಪಳಗಿಲ್ವಲ್ಲ, ಅವರೇನ್ ಮಾಡಾರು!" ಅಂತ ನನಗೇ ಸಮಾಧಾನ ಹೇಳಿದ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬೆರಳು ತೊಳೆದುಕೊಂಡ. ನೀರು ಕೆಂಪಗೆ ಹರಿಯಿತು. ನಾನು ನೋಡಿದೆ. ಗಿಲಕಿಯನ್ನು ಚೀಲಕ್ಕೆ ಹಾಕಿಕೊಂಡೆ.

ಹದಿನೈದು ದಿನ ಅವನು ಗಿಟಾರು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ. ಆಮೇಲೆ — ನಿಜ ಹೇಳಬೇಕೆಂದರೆ — ನಮ್ಮ ಗೋಷ್ಠಿ ಇನ್ನೂ ಒಂಬತ್ತು ವರ್ಷ ನಡೆಯಿತು, ನಾವು ನಕ್ಕಷ್ಟು ಯಾರೂ ನಕ್ಕಿರಲಾರರು. ಅವನಿಗೆ ಮದುವೆಯಾಯಿತು. ಜಯಮ್ಮ ಅಂತ, ಮಾತಿಗೆ ಮಾತು ಕೊಡುವ ಹೆಣ್ಣುಮಗಳು. ಮಕ್ಕಳಾದವು, ಗದ್ದೆ ಬೆಳೆಯಿತು. "ಮೈಸೂರ್ಗೆ ಓಗಿದ್ರೆ ಇವಳೆಲ್ಲಿ ಸಿಕ್ಕೋಳು?" ಅನ್ನುತ್ತಾನೆ. ಜಯಮ್ಮ, "ಓಗಿದ್ರೆ ನಾನಾದ್ರೂ ಬದುಕ್ಕೊತಿದ್ದೆ" ಅನ್ನುತ್ತಾಳೆ. ಎಲ್ಲ ಒಳ್ಳೆಯದೇ ಆಯಿತಲ್ಲ ಅಂತ ನಾನೂ ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೇನೆ. ಆದರೆ ಆ ಒಳ್ಳೆಯದನ್ನು ಆರಿಸುವ ಹಕ್ಕು ಅವನದಾಗಿತ್ತು. ಕಣ್ಣು ಮುಚ್ಚಿ, ಕಿವಿ ಕೊಟ್ಟು, ಕೆಂಪಂದನ್ನು ಆರಿಸಿದ್ದನಲ್ಲ.

ಸಿಕ್ಕಾಗಲೆಲ್ಲ ನಾನು ಕೇಳದೆಯೇ ವರದಿ ಒಪ್ಪಿಸುತ್ತಿದ್ದ: "ಪಳಗ್ತಾ ಅದೆ ಕಣ್ಲಾ ಸೀಕಂಟ. ಓದ್ ಸಲಕ್ಕಿಂತ ಈಗ ವಾಸಿ." ಅದೇ ಹಳದಿ ಕಂಡೆನ್ಸರು, ಅದೇ ಮಂಕು ದನಿ. ನಾನು "ಹೂಂ, ಪಳಗತ್ತೆ" ಅನ್ನುತ್ತಿದ್ದೆ.

ಹೋದ ವಾರ ಅವನು ಗಿಟಾರು ಹಿಡಿದುಕೊಂಡು ನನ್ನ ಮನೆಗೆ ಬಂದ. ಒಳಗೆ ಯಾವುದೋ ವೈರು ಬಿಟ್ಟಿತ್ತು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಅವನ ಪಾಲಿಗೆ ನಾನು ಇನ್ನೂ ರಿಪೇರಿಯವನೇ. ಅವನು ಜಗಲಿಯಲ್ಲಿ ಕೂತು ನನ್ನ ಹೆಂಡತಿಯ ಹತ್ತಿರ ಹರಟೆ ಹೊಡೆಯುತ್ತಿದ್ದ. ನಾನು ಒಳಗೆ ಬಿಚ್ಚಿದೆ. ನನ್ನ ಆ ಚೊಕ್ಕ ಬೆಸುಗೆ ಹಾಗೇ ಹೊಳೆಯುತ್ತಿತ್ತು. ಹಲ್ಲುಪುಡಿ ಡಬ್ಬಿ ಇಳಿಸಿದೆ — ಹೌದು, ಅಂಗಡಿಯಿಂದ ಮನೆಗೂ ಅದು ನನ್ನ ಜೊತೆ ಬಂದಿತ್ತು. ಹಳೆಯದನ್ನು ಕಿತ್ತು, ಐನೂರರ ಕಂಟ್ರೋಲನ್ನೂ ಕೆಂಪು ಕಂಡೆನ್ಸರನ್ನೂ ಹಾಕಿದೆ. ಕಿತ್ತದ್ದನ್ನು ಅದೇ ಡಬ್ಬಿಗೆ ಹಾಕಿದೆ. ಗಿಟಾರನ್ನು ನನ್ನ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ ಅವನ ಕೈಗೆ ಕೊಟ್ಟೆ.

ಅವನು ಮೀಟಿದ. ನಿಲ್ಲಿಸಿದ. ಮತ್ತೆ ಮೀಟಿದ. ಮುದುಕನ ಕಣ್ಣು ಅಗಲವಾಯಿತು. ಕಣ್ಣು ಮುಚ್ಚಿಕೊಂಡು, ಆವತ್ತು ಅಂಗಡಿಯಲ್ಲಿ ನುಡಿಸಿದ ಹಾಗೆಯೇ ನುಡಿಸುತ್ತಾ ಹೋದ. ಬೆರಳು ಮೊದಲಿನಷ್ಟು ಓಡದು. ದನಿ ಮಾತ್ರ ಅದೇ. ಮುಗಿಸಿ, ನನ್ನ ಭುಜ ಹಿಡಿದು ಅಲ್ಲಾಡಿಸಿದ. ಮುಖದ ತುಂಬ ನಗು.

"ಕೊನೆಗೂ ಪಳಗ್ತು ಕಣ್ಲಾ ಸೀಕಂಟ! ನೀ ಅವತ್ತೇ ಯೋಳಿದ್ದೆ! ಯೋಳಿದ್ದೆ ಅಲ್ವಾ?"

ನಾನು "ಹೂಂ" ಅಂದೆ.

ಇಪ್ಪತ್ತಾರರಲ್ಲಿ ಮಾಡಿದ್ದಕ್ಕೆ ವಯಸ್ಸು ಅಂತ ಒಂದು ನೆಪವಾದರೂ ಸಿಕ್ಕೀತು. ಹೋದ ವಾರದ ಆ "ಹೂಂ"ಗೆ ಯಾವ ನೆಪ ಇದೆ? ಅದಕ್ಕೇ ಇದನ್ನು ಬರೆದೆ. ಬರೆದ ಮೇಲೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ ಅಂತ ಬರೆದೆ.

ನಾಳೆ ಬೆಳಗ್ಗೆ ಮಳವಳ್ಳಿ ಬಸ್ಸು ಹತ್ತಿ ಬೆಳಕವಾಡಿಗೆ ಹೋಗುತ್ತೇನೆ. ಡಬ್ಬಿ ಜೇಬಿನಲ್ಲಿರುತ್ತದೆ. ಹೋದ ಕೂಡಲೇ ಜಯಮ್ಮ, "ಬನ್ನಿ ಅಯ್ನೋರೇ, ಮುದ್ದೆ ಬಿಸಿ ಅದೆ, ಮೊದ್ಲು ಉಣ್ಣಿ" ಅನ್ನುತ್ತಾಳೆ. ಯಾವಾಗಲೂ ಅನ್ನುವುದು ಅದನ್ನೇ. ಉಂಡ ಮೇಲೆ ಹೇಳುವುದು ಇನ್ನೊಂದು ಮೋಸವಾದೀತು. ಡಬ್ಬಿಯನ್ನು ಅವನ ಮುಂದೆ ತೆರೆದಿಟ್ಟು, ಹಳದಿ ಯಾವುದು, ಐವತ್ತು ಯಾವುದು ಅಂತ ತೋರಿಸಿ, ಆವತ್ತಿನದನ್ನೂ ಹೋದ ವಾರದ್ದನ್ನೂ ನಿಂತುಕೊಂಡೇ ಹೇಳುತ್ತೇನೆ. ಆಮೇಲೂ ಅವನು ಎಲೆ ಹಾಕಿಸಿದರೆ ಕೂತು ಉಣ್ಣುತ್ತೇನೆ. ಹಾಕಿಸದಿದ್ದರೆ ಎರಡು ಗಂಟೆಗೆ ಮದ್ದೂರಿಗೆ ಬಸ್ಸಿದೆ.