ಓಲೆ ತೊಟ್ಟ ಇಲಿಗಳು

ನಮ್ಮ ದೊಡ್ಡಮ್ಮನಿಗೆ ಕಾಡಿನಲ್ಲಿ ಇಲಿ ಹಿಡಿಯುವ ಕೆಲಸ. ಕೊಲ್ಲುವುದಕ್ಕಲ್ಲ, ಎಣಿಸುವುದಕ್ಕೆ. ವರ್ಷಕ್ಕೊಮ್ಮೆ ಎಲೆಯೆಲ್ಲ ಉದುರಿಸಿ ಬೋಳಾಗುವ ಆ ಕಾಡಿನಲ್ಲಿ ಸಂಜೆ, ಇಲಿ ಹೊಕ್ಕೊಡನೆ ಬಾಗಿಲು ಮುಚ್ಚಿಕೊಳ್ಳುವ ತಗಡಿನ ಡಬ್ಬಿಗಳನ್ನಿಟ್ಟು ಬರುತ್ತಾಳೆ. ಬೆಳಿಗ್ಗೆ ಸಿಕ್ಕ ಇಲಿಯನ್ನು ಚೀಲಕ್ಕೆ ಹಾಕಿ ತೂಗಿ, ಕಿವಿಗೊಂದು ಪುಟ್ಟ ಓಲೆ ಚುಚ್ಚಿ ಬಿಟ್ಟುಬಿಡುತ್ತಾಳೆ. ಮುಂದೆ ಸಿಕ್ಕವುಗಳಲ್ಲಿ ಓಲೆಯವೇ ಹೆಚ್ಚಾದರೆ ಕಾಡಿನಲ್ಲಿ ಇಲಿ ಕಡಿಮೆ, ಬರಿಗಿವಿಯವು ಹೆಚ್ಚಾದರೆ ಇಲಿ ಬೇಕಾದಷ್ಟಿವೆ ಎಂದು ಲೆಕ್ಕ. ಇಷ್ಟು ನನಗೂ ಅರ್ಥವಾಗುತ್ತದೆ. ಅರ್ಥವಾಗದ್ದು ದೊಡ್ಡಮ್ಮನ ಕರುಳು.

ಇಲಿಗಳ ಸಂಶೋಧನೆಗೆ ಇವಳನ್ನು ಕೆಲಸಕ್ಕಿಟ್ಟುಕೊಂಡ ಮೇಡಂ ಡಬ್ಬಿಯೊಳಗೆ ನಾಲ್ಕು ಕಾಳು ಹಾಕಿ ಎಂದರೆ ಇವಳು ಕಡಲೆಬೀಜ ಹುರಿದು, ಬೆಣ್ಣೆ ಸವರಿ, ಮಲಗಲು ಹತ್ತಿ ಬೇರೆ ಹಾಸುತ್ತಿದ್ದಳು. ದೊಡ್ಡಪ್ಪ ಉರಿದುಬೀಳುತ್ತಿದ್ದ.

"ಕಟ್ಕೊಂಡ ಗಂಡಂಗೆ ಒಣ ಬ್ರೆಡ್ಡು, ಕಾಡಿಲಿಗೆ ಬೆಣ್ಣೆ!"

"ನೀವೂ ರಾತ್ರಿಯೆಲ್ಲಾ ಡಬ್ಬೀಲಿ ಮಲಗಿ, ನಿಮಗೂ ಹಾಕ್ತೀನಿ."

ಹಿಂದಿನ ವರ್ಷ ಮರಗಳು ಬೀಜವನ್ನು ಧಾರಾಳವಾಗಿ ಸುರಿಸಿದ್ದರಿಂದ ಈ ಸಲ ಇಲಿಗಳು ವಿಪರೀತ ಹೆಚ್ಚಬೇಕಿತ್ತು. ಡಬ್ಬಿಯಲ್ಲಿ ನೋಡಿದರೆ ಅವೇ ಹಳೆಯ ಮುಖಗಳು, ಅವೇ ಓಲೆಗಳು. ಸಂಶೋಧನೆಯ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು.

"ಇಲಿನೇ ಇಲ್ಲ ಅಂದ್ರೆ ಎಣಿಸೋದೇನಮ್ಮಾ? ಹೀಗೇ ಮುಂದುವರಿದ್ರೆ ಮೇಲಿನೋರು ಕೆಲಸ ನಿಲ್ಲಿಸ್ತಾರೆ."

ದೊಡ್ಡಮ್ಮನಿಗೆ ಊಟ ಸೇರಲಿಲ್ಲ. ಕಾಡಿಗೆ ಹೋಗುವುದೆಂದರೆ ಅವಳಿಗೆ ಪ್ರಾಣ. ಅದು ತಪ್ಪಿದರೆ ದಿನವಿಡೀ ದೊಡ್ಡಪ್ಪನ ಮುಖ ನೋಡುತ್ತ ಕೂರಬೇಕಲ್ಲ!

ಮರುದಿನ ಸಂಜೆ ಮೇಡಂ ತಾವೇ ಜೊತೆಗೆ ಹೊರಟರು. ದೊಡ್ಡಮ್ಮ ಡಬ್ಬಿಯಿಟ್ಟು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಓಲೆಯ ಇಲಿಯೊಂದು ಸ್ವಂತ ಮನೆಗೆ ನುಗ್ಗುವಂತೆ ಒಳಗೆ ನುಗ್ಗಿತು. ಬಾಗಿಲು ಫಟ್ಟೆಂದಿತು. ಮುಂದಿನ ಡಬ್ಬಿಯ ಕಥೆಯೂ ಅದೇ. ಮೇಡಂ ದೊಡ್ಡಮ್ಮನ ಬುಟ್ಟಿಯಿಂದ ಬೆಣ್ಣೆ ಸವರಿದ ಒಂದು ಕಡಲೆಬೀಜ ತೆಗೆದು ಬಾಯಿಗೆ ಹಾಕಿಕೊಂಡರು. ಮತ್ತೊಂದನ್ನೂ ಹಾಕಿಕೊಂಡರು. ಆಮೇಲೆ ನಗತೊಡಗಿದರು.

"ಅಮ್ಮಾ, ಒಂದು ಡಬ್ಬಿಗೆ ಒಂದೇ ಇಲಿ. ಹಳೇ ಗಿರಾಕಿಗಳೇ ರೂಮು ಹಿಡ್ಕೊಂಡ್ರೆ ಹೊಸಬರು ಎಲ್ಲಿಗೆ ಬರ್ಬೇಕು?"

ಬೆಣ್ಣೆ ಬಂದ್ ಆಯಿತು. ಒಣ ಕಾಳು ಚಿಟಿಕೆಯಷ್ಟು. ಇನ್ನಷ್ಟು ಡಬ್ಬಿಗಳು ಬಂದು ಕಾಡಿನ ಉದ್ದಗಲಕ್ಕೂ ಕೂತವು. ದೊಡ್ಡಮ್ಮ ಇಲಿಗಳಿಗೆ ದ್ರೋಹ ಮಾಡಿದಂತೆ ಸಪ್ಪೆ ಮುಖ ಹಾಕಿಕೊಂಡು ಓಡಾಡಿದಳು.

ಆಮೇಲೊಂದು ಬೆಳಿಗ್ಗೆ ಬೆರಳಿಗೆ ಸೆರಗು ಸುತ್ತಿಕೊಂಡು ಏದುಸಿರು ಬಿಡುತ್ತ ಮನೆಗೆ ಬಂದಳು. ಸೆರಗೆಲ್ಲ ರಕ್ತ. ದೊಡ್ಡಪ್ಪ ಗಾಬರಿಯಿಂದ ಎದ್ದ.

"ಏನಾಯ್ತೇ?"

"ಕಚ್ಚಿಬಿಡ್ತು ರೀ! ಹಳೇದ್ಯಾವುದೂ ನನ್ನ ಕಚ್ಚಲ್ಲ. ಇದು ಹೊಸದು, ಕಿವೀಲಿ ಓಲೆನೂ ಇಲ್ಲ!"

ದೊಡ್ಡಪ್ಪ ಅರಿಶಿನ ಹುಡುಕತೊಡಗಿದ. ದೊಡ್ಡಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ, "ಪಕ್ಕದ ಡಬ್ಬೀದೂ ಕಚ್ತು ಕಣ್ರೀ!" ಎಂದು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.