ಮೇಷ್ಟ್ರು ಬಿಟ್ಟ ನಾಲ್ಕು ಸಾಲು

ಮೇಷ್ಟ್ರ ನಾಲಿಗೆಯ ತುದಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಹಣ್ಣು ತಿಂದದ್ದಲ್ಲ, ಒದ್ದೆಯಾದರೆ ನೇರಳೆ ಮಸಿಯಾಗುವ ಕಾಪಿಯಿಂಗ್ ಪೆನ್ಸಿಲ್ಲಿನ ಮೊನೆಯನ್ನು ಸಾಲಿಗೊಮ್ಮೆ ನಾಲಿಗೆಗೆ ಒತ್ತಿಕೊಂಡು ಬರೆಯುವ ಅಭ್ಯಾಸ. "ವಿಷ ಕಣ್ರೀ ಅದು" ಎಂದು ಅವರ ಹೆಂಡತಿ ಒಳಗಿನಿಂದ ಕೂಗುತ್ತಿದ್ದರು. "ಮೂವತ್ತು ವರ್ಷದಿಂದ ನೆಕ್ಕಿ ಸಾಯದೋನು ಇವತ್ತು ಸಾಯ್ತೀನಾ? ಕಾಫಿ ಕೊಡು" ಎಂದು ಇವರು ಹೊರಗಿನಿಂದ.

ಸರಸ್ವತಿಪುರಂನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನಾನು ಸೊಸೆಯಾಗಿ ಬಂದ ಹೊಸತು, ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿದ್ದರು. ಊರಿನ ಒಂದು ಟಾಕೀಸಿನಲ್ಲಿ ಇಂಗ್ಲಿಷ್ ಚಿತ್ರ ಬರುತ್ತಿತ್ತು. ಇಂಗ್ಲಿಷ್ ಬಾರದವರಿಗೆಂದು ಗೇಟಿನಲ್ಲಿ ಒಂದು ಹಾಳೆಯ ಕನ್ನಡ ಕಥಾಸಾರ ಹಂಚುತ್ತಿದ್ದರು. ಅದನ್ನು ಬರೆಯುತ್ತಿದ್ದವರು ನಮ್ಮ ಮೇಷ್ಟ್ರು.

ಗುರುವಾರ ಟಾಕೀಸಿನ ಮ್ಯಾನೇಜರು ಅವರನ್ನೊಬ್ಬರನ್ನೇ ಕೂರಿಸಿ ಚಿತ್ರ ತೋರಿಸುತ್ತಿದ್ದರು. ಶುಕ್ರವಾರ ಬರಹ ಅಚ್ಚಿಗೆ ಹೋಗಬೇಕು. ಮೇಷ್ಟ್ರ ಅಕ್ಷರ ಪ್ರೆಸ್ಸಿನವರಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಬೆಳಗಿನ ತಿಂಡಿ ಮುಗಿಸಿ, ಬೇಳೆ ಬೇಯಲು ಇಟ್ಟು, ನಾನು ಅವರ ಜಗಲಿಯಲ್ಲಿ ಕೂತು ಮಸಿಯಲ್ಲಿ ದುಂಡಗೆ ಬರೆದು ಕೊಡುತ್ತಿದ್ದೆ. ಒಲೆಯ ಕಡೆ ಒಂದು ಕಿವಿ, ಮೇಷ್ಟ್ರ ಕಡೆ ಒಂದು ಕಿವಿ.

ಅವರದ್ದೇ ಕೆಲವು ಕಟ್ಟಳೆಗಳಿದ್ದವು. ಹಾಳೆಯ ಒಂದೇ ಮಗ್ಗುಲು. ಪರದೇಶದ ಹೆಸರುಗಳು ಬೇಡ; ನಾಯಕ, ಯಜಮಾನ, ಮುದುಕಿ ಎಂದರೆ ಸಾಕು. ಚಿತ್ರದಲ್ಲಿ ಗಂಡುಹೆಣ್ಣು ಮುತ್ತಿಟ್ಟರೆ "ಒಬ್ಬರನ್ನೊಬ್ಬರು ಮೆಚ್ಚುತ್ತಾರೆ" ಎಂದು ಬರೆಸುತ್ತಿದ್ದರು. ಎರಡು ಸಲ ಇಟ್ಟರೆ "ಬಹಳ ಮೆಚ್ಚುತ್ತಾರೆ." ನಾನು ನಕ್ಕರೆ, "ನಗಬೇಡಮ್ಮ, ನಿಮ್ಮತ್ತೇನೂ ಓದ್ತಾರೆ" ಎನ್ನುತ್ತಿದ್ದರು.

ಒಂದು ಸಲ ಗುಲಾಮರ ದಂಗೆಯ ಚಿತ್ರ ಬಂತು. ಕಲ್ಲುಗಣಿಯಲ್ಲಿ ಚಾಟಿ ತಿನ್ನುವ ಗುಲಾಮರು ಒಬ್ಬ ನಾಯಕನ ಹಿಂದೆ ತಿರುಗಿ ಬೀಳುವ ಕಥೆ. ಅರ್ಧ ಬರೆಸಿದ ಮೇಲೆ ಮೇಷ್ಟ್ರು ತಡೆದರು. ಅವರ ಕರಡಿನಲ್ಲಿ ನಾಲ್ಕು ಸಾಲಿನ ಮೇಲೆ ಗೀಟು ಎಳೆದಿತ್ತು. ನಾನು ಬಗ್ಗಿ ಓದಿದೆ. ದಂಗೆಯವರು ಯಜಮಾನನ ಮನೆಗೆ ಬೆಂಕಿ ಇಡುತ್ತಾರೆ. ಒಳಗೆ ಅವನ ಮಕ್ಕಳಿದ್ದಾರೆ, ಅವರನ್ನು ಸಾಕಿದ ಗುಲಾಮ ಮುದುಕಿಯೂ ಇದ್ದಾಳೆ. ನಾಯಕನಿಗೆ ಅದು ಗೊತ್ತು. ತಡೆಯುವುದಿಲ್ಲ.

"ಇದನ್ನ ಬಿಡೋದಾ ಮೇಷ್ಟ್ರೇ?"

"ಬಿಟ್ಟುಬಿಡು. ಮ್ಯಾನೇಜರೂ ಬೇಡ ಅಂದ. ಅಷ್ಟು ಏಟು ತಿಂದವರು, ಪಾಪ. ದೊರೆಗಳ ತಪ್ಪು ಮುಚ್ಚಿಟ್ಟು ಜೀವಮಾನವೆಲ್ಲ ಪಾಠ ಮಾಡಿದೀನಿ ಕಣಮ್ಮ. ಗುಲಾಮರದ್ದು ಒಂದು ಮುಚ್ಚಿದರೆ ಏನಾಯ್ತು?"

ನಾನು ಬಿಟ್ಟೆ. ನಾಯಕ ಕಳಂಕವಿಲ್ಲದ ವೀರನಾಗಿ ಅಚ್ಚಾದ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿಗೆ ಪ್ರತಿ ಕಥಾಸಾರವನ್ನೂ ನಾನು ಓದಿ ಹೇಳಬೇಕಿತ್ತು. ಟಿಕೀಟು ಕೊಳ್ಳದೆ ಅದರಲ್ಲೇ ಸಿನಿಮಾ ನೋಡಿದ ಹಾಗೆ ಅವಳಿಗೆ. ಈ ಹಾಳೆಯನ್ನು ಮಾತ್ರ ಎರಡು ಸಲ ಓದಿಸಿಕೊಂಡಳು. ಅವಳ ಗಂಡ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಚಿಕ್ಕಂದಿನಿಂದ ಹಳ್ಳಿಯಲ್ಲಿ ಒಬ್ಬ ಗೌಡನ ಮನೆಗೆ ಜೀತಕ್ಕಿದ್ದು, ವಯಸ್ಸಿಗೆ ಬಂದಮೇಲೆ ಓಡಿಬಂದವನು. "ಇದ್ನ ಅವ್ನಿಗೆ ತೋರುಸ್ಬೇಕು" ಎಂದಳು. ಭಾನುವಾರದ ಮ್ಯಾಟಿನಿಗೆ ಇಬ್ಬರೂ ಹೋದರು.

ಸೋಮವಾರ ಬೆಳಿಗ್ಗೆ ಅವಳು ನಮ್ಮ ಹಿತ್ತಲಿಗೆ ಬರಲಿಲ್ಲ, ನೆಟ್ಟಗೆ ಮೇಷ್ಟ್ರ ಜಗಲಿಯ ಮುಂದೆ ನಿಂತಳು. ನಾನೂ ಹೋದೆ.

"ಬುದ್ಧಿ, ಮನೆ ಸುಟ್ಟಿದ್ದು ನೀವು ಯಾಕ್ ಬರೀನಿಲ್ಲ?"

ಮೇಷ್ಟ್ರು ಪತ್ರಿಕೆ ಮಡಿಸಿದರು. "ನಿಮ್ಮಂಥೋರಿಗೆ ಬೇಜಾರಾಗುತ್ತೆ ಅಂತ ಕಣಮ್ಮ."

"ಆ ಬೆಂಕಿ ಬಂದಾಗ ನನ್ ಗಂಡ ತಲೆ ಬಗ್ಗುಸ್ಬುಟ್ಟ ಬುದ್ಧಿ. ಮನೇಗ್ ಬಂದು ಬಾಯ್ಬುಟ್ಟ. ಗೌಡನ್ ಮನೆಗೆ ಬೆಂಕಿ ಇಕ್ಬೇಕು ಅಂತ ಒಂದಿನ ಇವ್ನೂ ಕೊಳ್ಳಿ ತಕೊಂಡ್ ಹೋಗಿದ್ನಂತೆ. ಒಳಗೆ ಗೌಡನ್ ಚಿಕ್ ಮಗಳು ಆಡ್ಕೊಂಡ್ ಕೂತಿದ್ಲಂತೆ. ವಾಪಸ್ ಬಂದ್ಬುಟ್ಟ. ಅವತ್ತಿಂದ ತಾನು ಹೇಡಿ ಅಂತ್ಲೇ ಅನ್ಕೊಂಡಿದ್ದ."

"ಈಗ?"

"ಈಗ ಹೆಂಗ್ ಹೇಳಾನ? ರಾತ್ರಿ ನೆಮ್ದಿಯಾಗಿ ಉಂಡ, ಮನಿಕೊಂಡ. ನಾವು ಟಿಕೀಟ್ ತಗಂಡು ನೋಡುದ್ವಿ, ಗೊತ್ತಾಯ್ತು. ಬರೀ ಓದುಸ್ಕೊಂಡು ಮನೇಲೇ ಇದ್ದೋರ್ಗೆ ಹೆಂಗ್ ಗೊತ್ತಾಗ್ಬೇಕು? ನಮ್ನ ದೇವ್ರು ಮಾಡ್ಬೇಡಿ ಬುದ್ಧಿ, ಅದೂ ಒಂದು ಹೊರೆನೇಯ."

ಅಷ್ಟು ಹೇಳಿ ಪಾತ್ರೆ ತೊಳೆಯಲು ಹೋದಳು. ಮೇಷ್ಟ್ರು ಆ ದಿನ ಊಟಕ್ಕೆ ಏಳುವುದು ತಡವಾಯಿತು ಎಂದು ಅವರ ಹೆಂಡತಿ ಹೇಳಿದರು.

ಸಂಜೆ ನನ್ನನ್ನು ಕರೆಸಿದರು. ಆ ನಾಲ್ಕು ಸಾಲನ್ನು ಸೇರಿಸಿ ಕೊನೆಗೆ "ಇದು ಘೋರ ತಪ್ಪು" ಎಂದು ಬರೆಸಿದರು. ನಾನು ಕೇಳಿದೆ, "ಹಾಗೆ ಬರೆದರೆ ದಂಗೆ ಎದ್ದಿದ್ದೇ ತಪ್ಪು ಅಂತ ಓದಿದೋರು ಅಂದ್ಕೊಳಲ್ವಾ?" ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ಒತ್ತಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು.

"ಹೊಡೆದುಹಾಕು ಅದನ್ನ. ತೀರ್ಪು ಕೊಡೋಕೆ ನಾನು ಜಡ್ಜ್ ಅಲ್ಲ. ಗಣಿಯಲ್ಲಿ ಏನಾಯ್ತೋ ಅದನ್ನೂ ಬರಿ, ಮನೆಯಲ್ಲಿ ಏನಾಯ್ತೋ ಅದನ್ನೂ ಬರಿ. ಪಕ್ಕಪಕ್ಕ ಇರಲಿ."

ಮ್ಯಾನೇಜರು ಅದನ್ನು ಅಚ್ಚು ಹಾಕಿಸಲು ಒಪ್ಪಲಿಲ್ಲ. "ಹೀರೋನೇ ಮಕ್ಕಳನ್ನ ಸುಡುಸ್ದ ಅಂದ್ರೆ ಯಾರ್ ಸಾರ್ ಬರ್ತಾರೆ? ನೀವು ಕಥೆ ಬರೀತೀರೋ, ನನ್ ಗಲ್ಲಾ ಮುಚ್ಚುಸ್ತೀರೋ?" ಎಂದರಂತೆ. ಮೇಷ್ಟ್ರು ಕಾರ್ಬನ್ ಹಾಳೆ ತಂದರು. ಒತ್ತಿ ಒತ್ತಿ ಬರೆದು ನನ್ನ ಹೆಬ್ಬೆರಳು ಊದಿಕೊಂಡಿತು. ಎರಡು ದಿನ ನಮ್ಮ ಮನೆಯವರಿಗೆಲ್ಲ ತಿಳಿಸಾರು ಅನ್ನವೇ ಗತಿಯಾಯಿತು. ಆ ಪ್ರತಿಗಳನ್ನು ಹಿಡಿದು ಮೇಷ್ಟ್ರು ತಾವೇ ಟಾಕೀಸಿನ ಎದುರು ರಸ್ತೆಯಲ್ಲಿ ನಿಂತು ಹಂಚಿದರು. ಕೋಟು ಹಾಕಿದ ಮುದುಕ ಚೀಟಿ ಹಂಚುವುದನ್ನು ನೋಡಿ ಅವರ ಹಳೆಯ ವಿದ್ಯಾರ್ಥಿಯೊಬ್ಬ, "ಎಲೆಕ್ಷನ್‌ಗೆ ನಿಂತಿದ್ದೀರಾ ಸಾರ್?" ಎಂದು ಕೇಳಿದನಂತೆ. "ಇಲ್ಲಪ್ಪ, ಪಾಠ ತಿದ್ದುತ್ತಿದ್ದೀನಿ" ಎಂದರಂತೆ.

ಮುಂದಿನ ಚಿತ್ರದ ಕಥಾಸಾರ ಬೇರೆ ಯಾರೋ ಬರೆದರು. ಮೇಷ್ಟ್ರನ್ನು ಮತ್ತೆ ಕರೆಯಲಿಲ್ಲ. ಶುಕ್ರವಾರದ ಬೆಳಗ್ಗೆ ಏನು ಮಾಡುವುದೆಂದು ತಿಳಿಯದೆ ಅವರು ಕರಿಬೇವಿನ ಗಿಡಕ್ಕೆ ಎರಡೆರಡು ಸಲ ನೀರು ಹಾಕುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ದಿನದಿನದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗೆ ಹತ್ತಿದ್ದು ಆಗಲೇ. ಕೈ ಸುಮ್ಮನಿರಲಿಲ್ಲ, ಅಷ್ಟೆ. ಅತ್ತೆಯ ಜೊತೆ ಜಗಳವಾದ ದಿನ ನಾನು ಅಂದದ್ದನ್ನೂ ಬರೆಯುವುದು ಮಾತ್ರ ಮೇಷ್ಟ್ರಿಂದ ಕಲಿತದ್ದು.

ನಾಲ್ಕೈದು ವರ್ಷಕ್ಕೆ ಅವರು ತೀರಿಕೊಂಡರು. ಹದಿಮೂರನೆಯ ದಿನ ಊಟವಾದ ಮೇಲೆ ಹಳೆಯ ಸಹೋದ್ಯೋಗಿಗಳು ಎರಡೆರಡು ಮಾತಾಡಿದರು. "ಜನ್ಮದಲ್ಲಿ ಒಂದು ಸುಳ್ಳು ಬರೆದವರಲ್ಲ" ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ನಮ್ಮ ಪಾತ್ರೆಯವಳು ನನ್ನ ಮುಖ ನೋಡಿದಳು.

"ಒಂದ್ಸಲ ಬರ್ದಿದ್ರು, ಅಲ್ವಾ ಅಮ್ಮಾವ್ರೇ?" ಎಂದಳು ಮೆಲ್ಲಗೆ.

"ಹೂಂ."

"ಆಮೇಲೆ ತಿದ್ದುದ್ರು."

"ಹೂಂ."

"ಎರಡೂನೂ ಮರೀಬಾರ್ದು" ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು ಎಂಜಲೆಲೆ ಎತ್ತಲು ಹೋದಳು.