ಆರ್ಡರ್ ಇಲ್ಲದ ಐದು ಸೀರೆ

ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಕೌದಿ ಹೊಲಿಯುತ್ತೇನೆ. ಜನ ತಮ್ಮ ಮನೆಯ ಹಳೆ ಸೀರೆ ಕಳಿಸುತ್ತಾರೆ, ನಾನು ಅವನ್ನು ಪದರ ಪದರವಾಗಿ ಕೂಡಿಸಿ ಹೊದೆಯುವ ಕೌದಿ ಮಾಡಿ ತಿರುಗಿ ಕಳಿಸುತ್ತೇನೆ. ಎರಡು ವರ್ಷದ ಹಿಂದೆ ಫೋನಿನಲ್ಲೇ ಆರ್ಡರ್ ಮತ್ತು ದುಡ್ಡು ಹಿಡಿಯುವ ಆನ್‌ಲೈನ್ ಅಂಗಡಿಯೊಂದನ್ನು ಮಾಡಿಸಿದೆ. ಮಾಡಿಕೊಟ್ಟವನು ಆಮೇಲೆ ಏನು ಕೇಳಿದರೂ “ಸರ್ವರ್ ಪ್ರಾಬ್ಲಂ, ಮೇಡಂ” ಎನ್ನುತ್ತಿದ್ದ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂರನೆಯ ಸಲ “ಬೆಂಕಿ ಬೀಳ್ಲಿ ನಿನ್ನ ಸರ್ವರಿಗೆ!” ಎಂದು ಬೈದೆ. ಅಲ್ಲಿಂದ ಅವನು ಫೋನ್ ಎತ್ತುವುದನ್ನೇ ಬಿಟ್ಟ.

ಅದೇ ಹೊತ್ತಿಗೆ ಒಂದು ಪಾರ್ಸೆಲ್ ಬಂತು. ಬೇರೆಯವರು ಉಟ್ಟ ಬಟ್ಟೆ ಮನೆಗೆ ಬಂದರೆ ಮೇಲೆ ಸುತ್ತಿದ್ದನ್ನು ಬಚ್ಚಲ ಒಲೆಗೆ ಹಾಕಬೇಕು, ಬಟ್ಟೆಯನ್ನು ನೆನೆಸಿ ಒಗೆದ ಮೇಲೆಯೇ ಸೂಜಿ ಹಿಡಿಯಬೇಕು. ಇದು ನನ್ನ ಅತ್ತೆ ಕಲಿಸಿದ ಪದ್ಧತಿ. ಹಾಗೇ ಮಾಡಿದೆ. ವಿಳಾಸ ಫೋನಿನಲ್ಲಿ ಇದ್ದೇ ಇರುತ್ತದಲ್ಲ ಎಂಬ ಭರವಸೆ. ಒಳಗೆ ನೂಲಿನ ಐದು ಸೀರೆ, ಒಂದು ಚೀಟಿ. ಚೀಟಿಯಲ್ಲಿ ಆರ್ಡರ್ ನಂಬರು, ಅದರ ಕೆಳಗೆ “ತೀರಿಹೋದ ಅವ್ವನವು. ಇಷ್ಟೇ ಉಳಿದಿವೆ.” ಸೀರೆ ಒಣಗಿದ ಮೇಲೆ ಫೋನ್ ತೆಗೆದು ನೋಡಿದರೆ ಆ ನಂಬರಿನ ಆರ್ಡರೇ ಇಲ್ಲ! ಹೆಸರಿಲ್ಲ, ಊರಿಲ್ಲ. ವಿಳಾಸ ಬರೆದ ಕವರು ಆಗಲೇ ಬೂದಿಯಾಗಿತ್ತು.

ಕೌದಿಗೆ ಎರಡು ತಿಂಗಳು ಬೇಕೆಂದು ಅಂಗಡಿಯಲ್ಲಿ ಬರೆಸಿದವಳು ನಾನೇ, ಹಾಗಾಗಿ ಕಳಿಸಿದವರು ಸುಮ್ಮನೆ ಕಾಯುತ್ತಿರುತ್ತಾರೆ. ಆಮೇಲೆ ಅವರು ಫೋನ್ ಮಾಡಿದರೆ ಕಳ್ಳಿಯ ಹಾಗೆ ನಿಲ್ಲಬೇಕು. ಮಾಡದೇ ಹೋದರೆ ಯಾರದೋ ಅವ್ವ ನನ್ನ ಕಪಾಟಿನಲ್ಲೇ ಉಳಿದುಬಿಡುತ್ತಾಳೆ. ಕತ್ತರಿ ಹಾಕಲು ಕೈ ಬರಲಿಲ್ಲ. ಹತ್ತು ದಿನ ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಕಡೆಗೆ ಪಕ್ಕದ ಔಷಧಿ ಅಂಗಡಿಯವರು ಸಿಂಧನೂರಿನ ಒಬ್ಬ ಹೆಣ್ಣುಮಗಳ ವಿಷಯ ಹೇಳಿದರು. ನಿರಾಶ್ರಿತರಾಗಿ ಬಂದ ಬಂಗಾಲಿಗಳು ನೆಲೆಸಿರುವ ಆರ್.ಎಚ್. ಕ್ಯಾಂಪಿನವಳು, ಬಸ್ ಸ್ಟ್ಯಾಂಡಿನ ಹತ್ತಿರ ಕೋಣೆ ಹಿಡಿದು ವೆಬ್‌ಸೈಟ್ ಕೆಲಸ ಮಾಡುತ್ತಾಳಂತೆ. ಸೀರೆಯ ಗಂಟನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿದೆ.

ಒಳಗೆ ಹೋದವಳೇ ಜಗಳಕ್ಕೆ ನಿಂತವಳಂತೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ನೋಡು ತಂಗಿ, ಸರ್ವರ್ ಪ್ರಾಬ್ಲಂ ಅಂತ ಒಂದು ಮಾತು ಅಂದ್ರೂ ಎದ್ದು ಹೋಗಿಬಿಡ್ತೀನಿ” ಎಂದೆ.

ಅವಳು ನಕ್ಕಳು. “ಅನ್ನಂಗಿಲ್ರಿ ಅಕ್ಕಾರ. ಅಂಗಡಿ ರಿಪೇರಿ ನಾಳಿಗಿರಲಿ. ಮೊದ್ಲ ಆ ಗಂಟು ಬಿಚ್ರಿ.”

ಬಿಚ್ಚಿದೆ. ಸೀರೆಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು. “ನಮ್ಮ ಅಜ್ಜಿನೂ ಹಳೇ ಸೀರಿ ಕೂಡಿಸಿ ಹೊಲೀತಿದ್ಲ್ರಿ. ನಮ್ಮ ಮಂದ್ಯಾಗ ಅದಕ್ಕ ಕಾಂಥಾ ಅಂತಾರ. ಅಕಿ ಹೊಲದದ್ದು ಒಂದು ಇನ್ನೂ ಐತಿ, ಯಾರಿಗೂ ಮುಟ್ಟಗೊಡಂಗಿಲ್ಲ ನಾ.” ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ನನ್ನ ಕೈಯಿಂದಲೇ ಪಾಸ್‌ವರ್ಡ್ ಹೊಡೆಸಿ, ನಮ್ಮ ಅಂಗಡಿಯ ಪರವಾಗಿ ದುಡ್ಡು ಹಿಡಿಯುವ ಕಂಪನಿಯ ಪುಟ ತೆರೆದಳು. “ರೊಕ್ಕ ಬಂದದ್ದು ಇವರು ಬರಕೊಂಡಾರ್ರಿ. ಬಂದೈತಿ ಅಂತ ನಿಮ್ಮ ಅಂಗಡಿಗೆ ತಿಳಸಬೇಕಲ್ಲ, ಆ ದಾರಿ ಕಡದೈತಿ. ಅದಕ್ಕ ಆರ್ಡರ್ ಬಂದಿಲ್ಲ.” ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿರಲಿಲ್ಲ. ಒಂದೊಂದೇ ಸಾಲು ನೋಡುತ್ತ ಹೋದಳು. ತಂದಿಟ್ಟ ಚಹಾ ಆರಿತು. ಕಡೆಗೆ ಚೀಟಿಯ ನಂಬರು ಸಿಕ್ಕಿತು, ಪಕ್ಕದಲ್ಲೇ ಒಂದು ಫೋನ್ ನಂಬರು.

ಅಲ್ಲಿಂದಲೇ ಫೋನ್ ಹಚ್ಚಿದೆ. ಎತ್ತಿದವರು ಲಿಂಗಸುಗೂರಿನ ಒಬ್ಬ ಗಂಡಸು. ನಮ್ಮೂರಿಂದ ಒಂದು ತಾಸಿನ ದಾರಿಯೂ ಅಲ್ಲ! ಸೀರೆ ಮುಟ್ಟಿದ ಸುದ್ದಿ ಹೇಳುವುದು ಬಿಟ್ಟು, “ಅಲ್ರಿ, ಇಷ್ಟು ಹತ್ರ ಇದ್ದು ಕೈಯಾಗ ತಂದು ಕೊಡಬಾರದಿತ್ತೇನ್ರಿ?” ಎಂದುಬಿಟ್ಟೆ.

“ಕೈಯಾಗ ತಂದಿದ್ರ ನಿಮ್ಮ ಬಾಗಲದಿಂದನ ತಿರುಗಿ ಒಯ್ತಿದ್ದೆರಿ” ಎಂದರು. ಆಮೇಲೆ, “ತೊಳದೀರೇನ್ರಿ? ಅವ್ವನ ವಾಸನಿ ಇತ್ತು” ಎಂದು ಕೇಳಿದರು.

ಇಲ್ಲ ಎನ್ನಬಹುದಿತ್ತು. ಎದುರಿಗೆ ಕೂತ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು. “ತೊಳದೀನ್ರಿ. ತಪ್ಪಾತು” ಎಂದೆ. ನನ್ನ ಕಣ್ಣು ತುಂಬಿತು.

“ಹೋಗ್ಲಿ ಬಿಡ್ರಿ” ಎಂದರು. “ಅವ್ವನೂ ಒಗೀಲಾರದ ಅರಿವಿ ಯಾರ ಕೈಗೂ ಕೊಟ್ಟಾಕಿ ಅಲ್ಲ. ಹೊಲೀರಿ.”

ಹೊಲಿದೆ. ಈ ಸಲ ನಾನೇ ಲಿಂಗಸುಗೂರಿಗೆ ಹೋಗಿ ಕೊಟ್ಟು ಬಂದೆ.

ಸಿಂಧನೂರಿನವಳು ನಾಲ್ಕು ದಿನದಲ್ಲಿ ಅಂಗಡಿಯನ್ನು ಸರಿ ಮಾಡಿದಳು. ಈಗ ದುಡ್ಡು ಬಂದ ಮರುಕ್ಷಣವೇ ಆರ್ಡರ್ ಕಾಣುತ್ತದೆ. ಆದರೆ ನಾನು ಅವಳನ್ನು ದಿನಾ ನೆನೆಯುವುದು ಅದಕ್ಕಲ್ಲ. ನಾನು ಹೇಳದಿದ್ದರೂ ಅವಳು ದುಡ್ಡು ಕಟ್ಟುವ ಗುಂಡಿಯ ಮೇಲೆ ಒಂದು ಪ್ರಶ್ನೆ ಸೇರಿಸಿದ್ದಳು: “ಸೀರೆ ತೊಳೆದು ಹೊಲಿಯಬೇಕೇ, ಹಾಗೇ ಹೊಲಿಯಬೇಕೇ?” ಅವಳ ಹೊಟ್ಟೆ ತಣ್ಣಗಿರಲಿ. ಅತ್ತೆಯ ಪದ್ಧತಿಯನ್ನು ನಾನೀಗ ಎಲ್ಲರಿಗೂ ನಡೆಸುವುದಿಲ್ಲ. ಹೆಚ್ಚಿನವರು “ಹಾಗೇ” ಎಂದೇ ಒತ್ತಿರುತ್ತಾರೆ.